ದಸ್ತಿ ಹಾಕಿದ ಕುರ್ಚಿ

ನನ್ನ ಕೆಲಸದ ಖೋಲಿಯ ಮೊಳೆಗೆ ಒಂದು ದಸ್ತಿ ತೂಗುತ್ತಿದೆ. ಬಿಳಿ ಬಟ್ಟೆ, ಕೆಂಪು ಅಂಚು. ಅದು ನನ್ನದಲ್ಲ. ಇದೇನೂ ದೊಡ್ಡ ಮಾತಲ್ಲ ಬಿಡಿ, ಲೋಕದಲ್ಲಿ ನನ್ನದಲ್ಲದ ದಸ್ತಿಗಳೇ ಹೆಚ್ಚು. ತೊಂದರೆ ಏನೆಂದರೆ ಅದು ಯಾರದೂ ಅಲ್ಲ. ಕೇಳಬೇಕಾದವರನ್ನೆಲ್ಲ ಕೇಳಿ ಆಗಿದೆ.

ಮೂಗು ಒರೆಸುವ ಕರವಸ್ತ್ರದಿಂದ ಹಿಡಿದು ಹೆಗಲ ಮೇಲಿನ ಟವೆಲಿನವರೆಗೆ ನಮ್ಮ ಬೀದರ ಕಡೆ ಎಲ್ಲಕ್ಕೂ ದಸ್ತಿ ಎಂಬುದೊಂದೇ ಹೆಸರು. ಅದರ ನಿಜವಾದ ಉಪಯೋಗ ನೋಡಬೇಕೆಂದರೆ ಹುಮನಾಬಾದ ಬಸ್‌ಸ್ಟ್ಯಾಂಡಿಗೆ ಬನ್ನಿ. ಬಸವಕಲ್ಯಾಣದ ಬಸ್ಸು ತಿರುಗಿ ನಿಲ್ಲುವ ಮೊದಲೇ ಜನ ಅದರ ಜೊತೆ ಓಡುತ್ತ ಕಿಟಕಿಯಿಂದ ಒಳಗೆ ದಸ್ತಿ ಎಸೆಯುತ್ತಾರೆ. ಅದು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಎಸೆದವರದು. ಬಾಗಿಲಿನಿಂದ ಎಲ್ಲರಿಗಿಂತ ಮೊದಲು ಹತ್ತಿದವನೂ ಆ ಬಟ್ಟೆಯನ್ನು ನೋಡಿ ಗೊಣಗುತ್ತ ಮುಂದೆ ಹೋಗುತ್ತಾನೆ, ತೆಗೆದು ಕೂಡುವುದಿಲ್ಲ. ಸಾಲಿನಲ್ಲಿ ನಿಲ್ಲಿರಿ ಎಂದರೆ ನಿಲ್ಲದ, ಉಗುಳಬೇಡಿರಿ ಎಂದು ಬರೆದ ಗೋಡೆಗೇ ಗುರಿಯಿಟ್ಟು ಉಗುಳುವ ನಮ್ಮ ಮಂದಿ ಇದೊಂದು ಕಾನೂನನ್ನು ಮಾತ್ರ ಮುರಿದದ್ದು ನಾನು ಕಂಡಿಲ್ಲ.

ನಾನೂ ಮುರಿದಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಯಾಕೆಂದರೆ ನಾನು ವಾದ ಮಾಡುವವಳು. ಏಳನೇ ಇಯತ್ತೆಯಿಂದ ಕಾಲೇಜು ಮುಗಿಯುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ದುಬಲಗುಂಡಿಯ ನಮ್ಮ ಮನೆಯ ಗೋಡೆಯ ಗೂಡಿನಲ್ಲಿ ಸಾಲಾಗಿ ಕೂತಿವೆ. ಆಯಿ, ಅಂದರೆ ನನ್ನ ಅಜ್ಜಿ, ಒಂದರಲ್ಲಿ ಸೂಜಿ ದಾರ ಇಡುತ್ತಿದ್ದಳು, ಇನ್ನೊಂದರಲ್ಲಿ ಅಡಿಕೆ ಚೂರು. ನಮ್ಮದು ಬೌದ್ಧರ ಮನೆ. ಯಾರೋ ಹೇಳಿದರೆಂದು ಯಾವುದನ್ನೂ ನಂಬಬೇಡ ಎನ್ನುವುದನ್ನು ಅಪ್ಪ ನನಗೆ ಅಕ್ಷರಕ್ಕಿಂತ ಮೊದಲೇ ಕಲಿಸಿದ್ದ. ಹೀಗಿರುವಾಗ ಒಂದು ಸಲ ಸ್ಪರ್ಧೆಯಲ್ಲಿ ಚೀಟಿ ಎತ್ತಿದರೆ ‘ದೆವ್ವಗಳಿವೆ’ ಎಂಬ ವಿಷಯ ಬಂತು, ಅದೂ ನನಗೆ ಪರ. ‘ಇಲ್ಲ ಎನ್ನುವವರು ಇಲ್ಲದ್ದನ್ನು ತಂದು ತೋರಿಸಲಿ’ ಎಂದು ಮೇಜು ಕುಟ್ಟಿ ಗೆದ್ದುಬಂದೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೇಳಿದ:

“ನೀ ಆಡಿದ್ದು ನೀನರ ನಂಬಿದೇನು?”

“ಇಲ್ಲಪ್ಪ, ಗೆಲ್ಲಾಕ ಆಡಿದ್ದು.”

“ಹಂಗಾರ ಹುಷಾರ್ ಇರು. ಗೆಲ್ಲಾಕ ಆಡಿದ್ದು ಒಂದಿನ ನಿನಗೇ ಹತ್ತಕೋತದ.”

ಆಗ ನಕ್ಕಿದ್ದೆ.

ಆಯಿಯ ಜೊತೆಗೂ ನನ್ನದು ವಾದವೇ. ಅವಳು ಬಸ್ಸಿನಲ್ಲಿ ಸೀಟಿನ ಮೇಲೆ ಕೂಡುತ್ತಿರಲಿಲ್ಲ. ಅರ್ಧ ಬಸ್ಸು ಖಾಲಿ ಇದ್ದರೂ ಮೆಟ್ಟಿಲ ಹತ್ತಿರ ನೆಲದ ಮೇಲೆ ಸೆರಗು ಮಡಚಿ ಕೂಡುತ್ತಿದ್ದಳು. ಜೀವನವೆಲ್ಲ ಮಂದಿಯ ಹೊಲದಲ್ಲಿ ಕೂಲಿ ಮಾಡಿದವಳು. ಬದುವಿನ ಮೇಲೆ ಕೂಡುವುದಕ್ಕೂ ಒಂದು ಮಾತು ಕೇಳಿ ಕೂತವಳು. “ಆಯಿ, ಸೀಟ್ ಖಾಲಿ ಅದ, ಮ್ಯಾಲ ಕೂಡು” ಎಂದರೆ ಅವಳ ಉತ್ತರ ಒಂದೇ: “ಇರ್ಲಿ ಬಿಡವ್ವ. ಯಾರರ ಬರ್ತಾರ.”

ಯಾರು ಬರುತ್ತಾರೆ? ಎಲ್ಲಿಂದ ಬರುತ್ತಾರೆ? ಟಿಕೆಟ್ಟಿನ ರೊಕ್ಕ ಕೊಟ್ಟವಳು ನೀನು. ಹನ್ನೆರಡು ವರ್ಷದವಳಾಗಿದ್ದಾಗ ಒಂದು ಮಧ್ಯಾಹ್ನ ಇಷ್ಟನ್ನೂ ಬಸ್ಸಿಗೆ ಬಸ್ಸೇ ಕೇಳುವಂತೆ ವಾದಿಸಿ, ರಟ್ಟೆ ಹಿಡಿದು ಅವಳನ್ನು ಕಿಟಕಿಯ ಪಕ್ಕ ಕೂರಿಸಿದೆ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಬಾಗಿಲು ತೆರೆಯಿತು, ಮುಚ್ಚಿತು. ಯಾರೂ ಹತ್ತಲಿಲ್ಲ. ಆಯಿ ಮಾತ್ರ ಸೆರಗು ಒಟ್ಟು ಮಾಡಿಕೊಂಡು ಕಿಟಕಿಯ ಕಡೆಗೆ ಸರಿದು, ತನಗೂ ನನಗೂ ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟಳು. ಹುಮನಾಬಾದ ಬರುವವರೆಗೂ ಆ ಜಾಗದ ಮೇಲೆ ಕೈ ಕೂಡ ಇಡಲಿಲ್ಲ. ನಾನು ಗೆದ್ದಿದ್ದೆ. ಆದರೂ ಆ ನಡುವಿನ ಜಾಗದ ಕಡೆ ನೋಡಲು ನನಗೆ ಯಾಕೋ ಆಗಲಿಲ್ಲ.

ಆಯಿ ಈಗಿಲ್ಲ. ಇದ್ದಾಗ ನನ್ನ ಉದ್ಯೋಗದ ಬಗ್ಗೆ ಓಣಿಯವರಿಗೆ “ನಮ್ಮ ಮೊಮ್ಮಗಳು ಕುರ್ಚಿ ಸರಸ್ತಾಳ” ಎಂದು ಹೇಳುತ್ತಿದ್ದಳು. ನಾನು ಓದಿದ್ದು ಒಳಾಂಗಣ ವಿನ್ಯಾಸ. ಹುಮನಾಬಾದದಲ್ಲಿ ಒಂದು ಫರ್ನಿಚರ್ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತು, ಆಫೀಸುಗಳಲ್ಲಿ ಯಾರು ಎಲ್ಲಿ ಕೂತರೆ ಬೆನ್ನು ನೋಯುವುದಿಲ್ಲ, ಕಣ್ಣು ಉರಿಯುವುದಿಲ್ಲ, ಮನಸ್ಸು ಕುಗ್ಗುವುದಿಲ್ಲ ಎಂದು ನಕ್ಷೆ ಬರೆದು ಕೊಡುತ್ತೇನೆ. ಯೋಚಿಸಿ ನೋಡಿದರೆ ಆಯಿಯ ಮಾತೇ ಸರಿ. ನಾನು ಕುರ್ಚಿ ಸರಿಸುವವಳು.

ಬಸವಕಲ್ಯಾಣದ ಕೆಲಸ ಬಂದದ್ದು ಹೋದ ಬೇಸಿಗೆಯಲ್ಲಿ. ಊರಾಚೆ ಮುಡಬಿ ರಸ್ತೆಯಲ್ಲಿ ಒಂದು ಬೇಳೆ ಮಿಲ್ಲು. ಅದರ ಸಾವಕಾರರು ಯಾವುದೋ ಶಿಬಿರಕ್ಕೆ ಹೋಗಿ, ನೌಕರರ ಸ್ವಾಸ್ಥ್ಯದ ಮೇಲೆ ಮೂರು ತಾಸು ಭಾಷಣ ಕೇಳಿ ಬಂದಿದ್ದರು.

“ಮಂದಿ ಖುಷ್ ಇರಬೇಕು, ಕೆಲಸಾನೂ ಜಾಸ್ತಿ ಆಗಬೇಕು,” ಎಂದರು. “ಎರಡೂ ನಿಮ್ಮ ಕುರ್ಚಿಯೊಳಗ ಆಗಬೇಕ್ರಿ ಮೇಡಂ.”

ಆಫೀಸು ಎಂದರೆ ಮಿಲ್ಲಿಗೆ ಅಂಟಿದ ಒಂದು ಉದ್ದನೆಯ ಹಾಲು. ಏಳು ಮಂದಿ ಕೆಲಸಗಾರರು, ಎಂಟು ಮೇಜು, ಮೂರು ಕಿಟಕಿ. ಎರಡು ಕಿಟಕಿ ಯಂತ್ರದ ಕಡೆ. ಹೊಟ್ಟಿನ ಧೂಳು ಬರುತ್ತದೆಂದು ಮೊಳೆ ಹೊಡೆದು ಮುಚ್ಚಿದ್ದರು. ಮೂರನೆಯದು ಬೇವಿನ ಮರದ ಕಡೆ ತೆರೆಯುತ್ತಿತ್ತು. ಒಳ್ಳೆಯ ಬೆಳಕು, ಒಳ್ಳೆಯ ಗಾಳಿ, ದೂರದಲ್ಲಿ ಕೋಟೆಯ ಗೋಡೆ. ಆ ಕಿಟಕಿಯ ಮುಂದೆ ಎಂಟನೆಯ ಮೇಜು, ಅದರ ಹಿಂದೆ ಒಂದು ತಿರುಗುವ ಕುರ್ಚಿ. ಕುರ್ಚಿಯ ಬೆನ್ನಿಗೆ ಬಿಳಿಯ ದಸ್ತಿ, ಕೆಂಪು ಅಂಚು.

“ಇಲ್ಲಿ ಯಾರು ಕೂಡ್ತಾರ?” ಎಂದು ಕೇಳಿದೆ.

ಹಾಲಿನ ಹಿರಿಯರು ಖಾಜಾ ಚಾಚಾ. ಲಾರಿಗಳನ್ನು ಕಳಿಸುವ ಉಸ್ತುವಾರಿ ಅವರದು. “ಬಾಬುರಾವ್ ಕಾಕಾ,” ಎಂದರು.

“ಇವತ್ತ ರಜಾ ಅದಾರೇನು?”

“ತೀರ್ಕೊಂಡು ಮೂರು ವರ್ಷ ಆತು ಬೇಟಿ.”

ಬಾಬುರಾವ್ ಕಾಕಾ ಮೂವತ್ತು ವರ್ಷ ಅಲ್ಲಿ ಕೂತು ಲಾರಿಗಳ ಚೀಟಿ ಬರೆದವರು. ಒಂದು ದಿನ ಒಂದು ಗಂಟೆಗೆ ಊಟಕ್ಕೆಂದು ಮನೆಗೆ ಹೋದರು, ಉಂಡು ಮಲಗಿದರು, ಏಳಲಿಲ್ಲ. ಸಾವಿನಲ್ಲಿ ವಿಚಿತ್ರವೇನೂ ಇಲ್ಲ. ಆದರೆ ಮೂರು ದಿನಕ್ಕೆ ಮಿಲ್ಲು ಮತ್ತೆ ತೆರೆದಾಗ ಕುರ್ಚಿಯ ಮೇಲೆ ಈ ದಸ್ತಿ ಇತ್ತು. ಕಾಕಾ ಹೋಗುವಾಗ ಹಾಕಿ ಹೋಗಿದ್ದಾರೆ ಎಂದು ಎಲ್ಲರೂ ತಿಳಿದರು. ಅಷ್ಟೇ. ಆಮೇಲೆ ಆ ಕುರ್ಚಿಯನ್ನು ಯಾರೂ ಮುಟ್ಟಲಿಲ್ಲ. ಅದರ ಪಕ್ಕದಿಂದ ಹೋಗುವವರು ಮೊಣಕೈ ಒಳಗೆ ಎಳೆದುಕೊಂಡು ಹೋಗುತ್ತಿದ್ದರು, ಕೂತವರಿಗೆ ತಾಗಬಾರದೆಂದು ನಾವು ಮಾಡುತ್ತೇವಲ್ಲ ಹಾಗೆ.

“ಅವರು ಹೋಗಾಗ ಏನಂದ್ರು ಗೊತ್ತೇನು?” ಎಂದರು ಚಾಚಾ. “ಬರ್ತೀನಿ ಅಂದ್ರು.”

“ಎಲ್ಲಾರೂ ಅದೇ ಅಂತಾರ ಚಾಚಾ. ಹೋಗ್ತೀನಿ ಅನ್ನಬಾರದು ಅಂತ ಬರ್ತೀನಿ ಅಂತಾರ. ಅದು ಬರೇ ಮಾತು.”

“ಮಾತು ಬರೇ ಮಾತಂದ್ರ, ಮುಂಜಾನಿಂದ ನೀ ಇಲ್ಲಿ ಏನ್ ಮಾಡಾಕತ್ತಿ?”

ಹಾಲೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ನಗದವಳು ಒಬ್ಬಳಿದ್ದಳು, ಕಬ್ಬಿಣದ ಅಲಮಾರಿಯ ಹಿಂದಿನ ಮೂಲೆಯಲ್ಲಿ.

ಅವಳು ಮಂಗಲಕ್ಕ. ಲಾರಿಯವರು ತರುವ ಕೈಬರಹದ ಚೀಟಿಗಳನ್ನು ನೋಡಿ ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ತಲೆಯ ಮೇಲೆ ಮಿಟುಕುವ ಟ್ಯೂಬ್‌ಲೈಟು, ಎದುರಿಗೆ ಗೋಡೆ. ದಿನಾ ಮಧ್ಯಾಹ್ನ ತಲೆ ಸಿಡಿಯುತ್ತದೆ, ಕಣ್ಣಿನಿಂದ ನೀರು. ಹುಮನಾಬಾದದ ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿವೆ, ಕೂಡುವ ಜಾಗ ಬದಲಿಸು ಎಂದಿದ್ದರು. ಹಿಂದಿನ ವಾರ ಅವಳು ಒಂದು ಚೀಟಿ ತಪ್ಪು ಓದಿ, ಚಿಟಗುಪ್ಪಕ್ಕೆ ಹೋಗಬೇಕಾದ ಲಾರಿ ಬೇರೆ ದಿಕ್ಕಿಗೆ ಹೋಗಿತ್ತು. ಸಾವಕಾರರು ನನ್ನೆದುರಿಗೇ ಹೇಳಿದರು: “ಈ ತಿಂಗಳ ನೋಡ್ತೀನಿ. ಕಣ್ಣ ಕಾಣಸಲ್ಲಂದ್ರ ಮನ್ಯಾಗ ಇರ್ಲಿ ಪಾಪ.” ಅವಳ ಗಂಡನಿಗೆ ಸೊಂಟ ಮುರಿದು ವರ್ಷವಾಗಿತ್ತು. ಆ ಮನೆ ನಡೆಯುತ್ತಿದ್ದುದು ಇವಳ ಕೆಲಸದಿಂದ.

ನನ್ನ ನಕ್ಷೆ ಐದು ನಿಮಿಷದಲ್ಲಿ ಮುಗಿಯಿತು. ಮಂಗಲಕ್ಕನನ್ನು ಕಿಟಕಿಗೆ ಸರಿಸಿದರೆ ಅರ್ಧ ಸ್ವಾಸ್ಥ್ಯ ಬಂದಂತೆ. ಅದನ್ನು ಅವಳಿಗೆ ಹೇಳಿದೆ. “ಬ್ಯಾಡ್ರಿ ಮೇಡಂ. ಅಲ್ಲಿ ದಸ್ತಿ ಅದ.”

“ಕುರ್ಚಿ ಬೇಕಂದ್ರ ವಾದ ಮಾಡಬೇಕ್ರಿ ಮಂಗಲಕ್ಕ. ಕೇಳಲಿಲ್ಲಂದ್ರ ಯಾರೂ ಕೊಡಲ್ಲ.”

ಅವಳು ಚೀಟಿಗಳ ಕಡೆ ತಿರುಗಿದಳು. ಅವಳ ಪರವಾಗಿ ವಾದ ಮಾಡುವ ಕೆಲಸವನ್ನು ನಾನೇ ಹೊತ್ತುಕೊಂಡೆ.

ಮಂದಿ ಹೇಳುತ್ತಿದ್ದದ್ದು ಮೂರು ಸಂಗತಿ. ಒಂದು ಗಂಟೆಯ ಹೊತ್ತಿಗೆ ಆ ದಸ್ತಿ ಬೆವರಿದಂತೆ ತೇವವಾಗುತ್ತದೆ. ಕುರ್ಚಿ ತಾನಾಗಿ ಬಾಗಿಲ ಕಡೆ ತಿರುಗುತ್ತದೆ. ದಿನಾ ಆ ಮೇಜಿನ ಮೇಲೆ ಒಂದು ಚಹಾ ಇಡುತ್ತಾರೆ. ನಾಲ್ಕಕ್ಕೆ ಅದು ಖಾಲಿಯಾಗಿರುತ್ತದೆ. ಮೊದಲ ದಿನ ನಾನೇ ಹೋಗಿ ದಸ್ತಿ ಮುಟ್ಟಿದೆ. ಬಾಗಿಲಾಚೆ ಮೇ ತಿಂಗಳ ಬಿಸಿಲು. ಕಾಗದ ಕೂಡ ಸುರುಳಿ ಸುತ್ತುವ ಶುಷ್ಕ ಗಾಳಿ. ದಸ್ತಿಯ ನಡುಭಾಗ ತಣ್ಣಗಿತ್ತು. ಕುತ್ತಿಗೆ ಒರಗುವಷ್ಟು ಅಗಲದಲ್ಲಿ ಮಾತ್ರ. ಕೈ ಹಿಂದೆಳೆದುಕೊಂಡೆ. ಆಮೇಲೆ ಹಾಗೆ ಎಳೆದುಕೊಂಡದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಸಿಟ್ಟು ಒಳ್ಳೆಯದು, ಬುದ್ಧಿಯನ್ನು ಚುರುಕು ಮಾಡುತ್ತದೆ. ಹಾಲಿನ ಆ ತುದಿಗೆ ಒಂದು ದೊಡ್ಡ ಕೂಲರು. ಅದರ ಒಂದು ಪಟ್ಟಿ ಮುರಿದು ಗಾಳಿ ನೇರವಾಗಿ ಎಂಟನೇ ಮೇಜಿಗೆ ಹೊಡೆಯುತ್ತಿತ್ತು, ಜೊತೆಗೆ ನೀರಿನ ಸಣ್ಣ ಹನಿ. ಒಂದು ದಿನ ಕೂಲರು ಬಂದ್ ಮಾಡಿಸಿದೆ. ದಸ್ತಿ ಒಣಗಿಯೇ ಇತ್ತು. ಕುರ್ಚಿಯೂ ತಿರುಗಲಿಲ್ಲ, ಅದರ ಬೆನ್ನಿಗೆ ಹೊಡೆಯುವ ಗಾಳಿಯೇ ಅದನ್ನು ತಿರುಗಿಸುತ್ತಿತ್ತು. ಚಹಾದ ವಿಷಯಕ್ಕೆ ಮೂಲೆಯಲ್ಲಿ ಕೂತು ಕಾದೆ. ಮೂರೂವರೆಗೆ ಖಾಜಾ ಚಾಚಾ ಬಂದು, ಆಚೀಚೆ ನೋಡಿ, ಎತ್ತಿ ಕುಡಿದರು.

“ಚಾಚಾ!”

“ಚೆಲ್ಲಬಾರದು ಬೇಟಿ,” ಎಂದರು, ಸ್ವಲ್ಪವೂ ನಾಚದೆ. “ಕಾಕಾ ಇದ್ದಾಗೂ ಅರ್ಧ ನನಗೇ ಕೊಡ್ತಿದ್ರು.”

ಮೂರಕ್ಕೆ ಮೂರು ಗೆದ್ದಿದ್ದೆ. ಎಲ್ಲರನ್ನೂ ಕರೆದು, ಅಂಕ ಕೊಡುವ ತೀರ್ಪುಗಾರರು ಎದುರಿಗಿದ್ದಾರೆ ಎಂಬಂತೆ ಒಂದೊಂದಾಗಿ ಬಿಡಿಸಿ ಹೇಳಿದೆ. ತಲೆ ಆಡಿಸಿದರು. ಖರೇ ಅದ, ಖರೇ ಅದ ಎಂದರು. ಯಾರೂ ಕೂಡಲಿಲ್ಲ. ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು. ಮಂಗಲಕ್ಕ ಒದ್ದೆ ಕರವಸ್ತ್ರವನ್ನು ಹಣೆಗೆ ಕಟ್ಟಿಕೊಂಡು ಚೀಟಿ ಓದುತ್ತಿದ್ದಳು.

ಹಾಗಾದರೆ ದಸ್ತಿಯನ್ನು ಅದರ ಮನೆಗೆ ಮುಟ್ಟಿಸಿಬಿಡೋಣ ಎಂದುಕೊಂಡೆ. ಹಾಕಿದವರ ಮನೆಯವರೇ ತೆಗೆದುಕೊಂಡರೆ ಕಾನೂನಿಗೂ ಧಕ್ಕೆಯಿಲ್ಲ. ನೀಟಾಗಿ ಮಡಚಿ ಚೀಲದಲ್ಲಿಟ್ಟುಕೊಂಡು ಬಾಬುರಾವ್ ಕಾಕಾ ಅವರ ಮನೆ ಹುಡುಕಿಕೊಂಡು ಹೋದೆ. ಊರೊಳಗೆ ಒಂದು ಸಣ್ಣ ಗಲ್ಲಿ, ಕಲ್ಲಿನ ಹೊಸ್ತಿಲು. ಕಾಕಾ ಅವರ ಹೆಂಡತಿ ಕೂತು ಜೋಳ ಹಸನು ಮಾಡುತ್ತಿದ್ದರು. ದಸ್ತಿ ಬಿಚ್ಚಿ ಅವರ ಕೈಗೆ ಕೊಟ್ಟೆ. ಅಂಚನ್ನು ಬೆರಳಿನಿಂದ ಸವರಿ ನೋಡಿದರು.

“ಇದು ಅವರದಲ್ಲ ತಂಗಿ.”

“ಮಿಲ್ಲಿನ್ಯಾಗ ಅವರ ಕುರ್ಚಿ ಮ್ಯಾಲೇ ಇತ್ತರಿ.”

“ಇದ್ದಿರಬಹುದು. ಅವರು ಅಂಚಿಂದು ಹಾಕ್ಕೊಂಡವರೇ ಅಲ್ಲ, ಕುತ್ತಿಗಿಗಿ ಚುಚ್ಚತದ ಅಂತಿದ್ರು. ಬರೇ ಬಿಳಿದು ಒಂದಿತ್ತು. ಆ ದಿನ ಊಟಕ್ಕ ಬಂದಾಗ ಹೆಗಲ ಮ್ಯಾಲೇ ಇತ್ತು.” ಮೊರದಲ್ಲಿನ ಒಂದೆರಡು ಕಲ್ಲು ಆರಿಸಿ ಎಸೆದರು. “ಅದನ್ನ ಅವರ ಜೋಡಿನೇ ಕಳಿಸಿದ್ವಿ.”

ದಸ್ತಿಯನ್ನು ತಿರುಗಿ ನನ್ನ ಮಡಿಲಿಗೆ ಹಾಕಿದರು. ನಾನು ಎದ್ದು “ಬರ್ತೀನ್ರಿ” ಎಂದೆ. ಬಾಯಿಂದ ಹೊರಟ ಮೇಲೆ ಆ ಶಬ್ದ ನನಗೇ ಕೇಳಿಸಿತು. ಅವರಿಗೂ ಕೇಳಿಸಿರಬೇಕು, ಮೊರ ಆಡಿಸುತ್ತಿದ್ದ ಕೈ ನಿಂತಿತು. ಏನು ಮಾಡುವುದು, ಬಿಟ್ಟು ಹೋಗುವುದಕ್ಕೆ ನಮ್ಮಲ್ಲಿ ಬೇರೆ ಮಾತಿಲ್ಲ.

ಮಿಲ್ಲಿಗೆ ಮರಳಿ ದಸ್ತಿಯನ್ನು ಎಂಟನೇ ಮೇಜಿನ ಮೇಲೆ ಹರಡಿ ಹೇಳಿದೆ: ಇದು ಬಾಬುರಾವ್ ಕಾಕಾ ಅವರದಲ್ಲ. ಅವರ ಹೆಂಡತಿಯೇ ಹೇಳಿದ್ದಾರೆ. ಹಾಗಾದರೆ ಇದು ಯಾರದು?

ಗೋಡೆಯಾಚೆ ಯಂತ್ರ ಬೇಳೆ ಒಡೆಯುವ ಸದ್ದು. ಮೂರು ವರ್ಷ ತಾವು ಮೊಣಕೈ ಎಳೆದುಕೊಂಡು ದಾಟಿದ್ದು ಯಾರನ್ನು ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕುತ್ತಿದ್ದಂತಿತ್ತು. ಸತ್ತವರು ಗುರುತಿನವರಾಗಿದ್ದಾಗ ಒಂದು ಧೈರ್ಯವಿತ್ತು. ಅದನ್ನು ನಾನು ಕಸಿದುಕೊಂಡಿದ್ದೆ.

ಆಗ ಅಲಮಾರಿಯ ಹಿಂದಿನಿಂದ ಮಂಗಲಕ್ಕ ಎದ್ದು ಬಂದಳು.

“ನಂದು,” ಎಂದಳು.

ಎಲ್ಲರೂ ತಿರುಗಿದರು.

“ಕಾಕಾ ಹೋದ ಮ್ಯಾಲ ಮಿಲ್ಲು ತೆಗೆಯೋ ಮೊದಲನೇ ದಿನಾನೇ ಕುರ್ಚಿಗಿ ದಸ್ತಿ ಹಾಕಿದ್ದೆ, ಇನ್ನ ಮ್ಯಾಲ ನಾ ಕೂಡಬೇಕಂತ. ನೀವು ಎಲ್ಲಾರೂ ಅದು ಕಾಕಾಂದು ಅಂದುಬಿಟ್ರಿ. ಬಾಯಿ ಬಿಡೋ ಧೈರ್ಯ ಆಗಲಿಲ್ಲ ನನಗ.”

ಖಾಜಾ ಚಾಚಾ ಅವಳನ್ನೊಮ್ಮೆ, ದಸ್ತಿಯನ್ನೊಮ್ಮೆ ನೋಡಿದರು. “ನೀ ಹಾಕಿದ್ದೇನು? ಮೂರು ವರ್ಷ ಬಾಯಿ ಮುಚ್ಚಿಕೊಂಡು ಕುಂತಿದ್ದಿಯಲ್ಲ, ದಿವಾನಿ ಇದ್ದೀ ಏನು? ದಸ್ತಿ ಹಾಕೀದಿ ಅಂದ್ರ ಮಾತು ಮುಗೀತು. ಕೂಡು.” ಕುರ್ಚಿಯನ್ನು ತಾವೇ ಎಳೆದು ಕೊಟ್ಟರು.

ನನ್ನ ಕೂಲರು, ನನ್ನ ಪ್ರಯೋಗ, ಬೆಳಕು ಗಾಳಿಗಳ ಮೇಲಿನ ನನ್ನ ಭಾಷಣ ಹದಿನೈದು ದಿನದಲ್ಲಿ ಮಾಡಲಾಗದ್ದನ್ನು ಬಸ್‌ಸ್ಟ್ಯಾಂಡಿನ ಕಾನೂನು ಒಂದು ನಿಮಿಷದಲ್ಲಿ ಮಾಡಿತು. ಮಂಗಲಕ್ಕ ಕುರ್ಚಿಯ ಮುಂದೆ ಬಂದಳು. ಕೂಡುವ ಮುನ್ನ, ಅಲ್ಲಿಂದ ಯಾರಿಗೋ ಏಳಲು ಹೊತ್ತು ಕೊಡುವವಳಂತೆ ಒಂದು ಗಳಿಗೆ ನಿಂತಳು. ಆಮೇಲೆ ಕೂತಳು.

ಕೆಲಸ ಮುಗಿಸಿ ಹೊರಡಲು ಮತ್ತೆ ಹತ್ತು ದಿನ ಹಿಡಿಯಿತು. ಕೂಲರಿನ ಪಟ್ಟಿ ಕೂಡಿಸಿದೆ, ಇನ್ನೆರಡು ಕಿಟಕಿಗಳ ಮೊಳೆ ತೆಗೆಸಿ ಜಾಳಿಗೆ ಬಡಿಸಿದೆ, ಮೇಜುಗಳ ಎತ್ತರ ಸರಿ ಮಾಡಿಸಿದೆ. ಮಂಗಲಕ್ಕನ ಚೀಟಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಸಾವಕಾರರು “ಕುರ್ಚಿ ಕೆಲಸ ಮಾಡಾಕತ್ತದ” ಎಂದು ಮೆಚ್ಚಿಕೊಂಡರು; ಅವಳನ್ನು ಮನೆಗೆ ಕಳಿಸುವ ಮಾತು ಮತ್ತೆ ಎತ್ತಲಿಲ್ಲ.

ಕೊನೆಯ ದಿನ ಅವಳು ಗೇಟಿನವರೆಗೆ ಬಂದಳು. ಆ ದಿನದ ಗಲಾಟೆಯಲ್ಲಿ ಮೇಜಿನಿಂದ ಎತ್ತಿಟ್ಟುಕೊಂಡ ದಸ್ತಿ ನನ್ನ ಚೀಲದಲ್ಲೇ ಉಳಿದಿತ್ತು. ತೆಗೆದು ಚಾಚಿದೆ. “ನಿಮ್ಮ ದಸ್ತಿ ತಗೋರಿ.”

ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು.

“ನಂದಲ್ಲರಿ ಅದು.”

“ಎಲ್ಲಾರ ಮುಂದ ನಂದಂದ್ರಿ?”

“ನಾ ಒಂದು ಹಾಕಿದ್ದು ಖರೇನೇ. ಹಸರ ಅಂಚಿಂದು. ಹಾಕಿ ಹತ್ತ ನಿಮಿಷಕ್ಕ ಹೆದರಿಕಿ ಬಂತು, ಸತ್ತವರ ಜಾಗಾ ಅಂತ. ಯಾರೂ ಬರೋ ಮೊದಲೇ ತಕ್ಕೊಂಡು ಚೀಲದಾಗ ಇಟ್ಟೆ. ಹೊರಗ ಹೋಗಿ ಮುಖ ತೊಳಕೊಂಡು ಒಳಗ ಬಂದು ನೋಡ್ತೀನಿ,” ನನ್ನ ಕೈಯಲ್ಲಿದ್ದುದರ ಕಡೆ ಕಣ್ಣಿನಿಂದಲೇ ತೋರಿಸಿದಳು, “ಇದು ಇತ್ತು.”

“ಮತ್ತ ಯಾಕ ಸುಳ್ಳು ಹೇಳಿದ್ರಿ?”

“ನೀವೇ ಅಲ್ಲೇನ್ರಿ ಹೇಳಿದ್ದು, ಕುರ್ಚಿ ಬೇಕಂದ್ರ ವಾದ ಮಾಡಬೇಕಂತ.” ಸ್ವಲ್ಪ ನಕ್ಕಳು. “ಗೆಲ್ಲಾಕ ಹೇಳಿದೆ.”

“ಅಲ್ಲಿ ಕೂಡಾಕ ಹೆದರಿಕಿ ಆಗಲ್ಲೇನು?”

“ಬೆಳಕ ಅದರಿ ಅಲ್ಲಿ.” ಮಿಲ್ಲಿನ ಕಡೆ ತಿರುಗಿ ನೋಡಿದಳು. “ಒಂದು ಗಂಟೆಗಿ ಮಾತ್ರ ಎದ್ದು ಹೊರಗ ಬರ್ತೀನಿ. ಅರ್ಧ ತಾಸು. ಅವರಿಗೂ ಬೇಕಲ್ಲ.”

ಅವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಕೇಳದೆ ಬಿಟ್ಟ ಮೊದಲ ಪ್ರಶ್ನೆ ಅದೇ ಇರಬೇಕು. ನನ್ನ ಲೆಕ್ಕದಲ್ಲಿ, ಮೂರು ವರ್ಷದ ಹಿಂದಿನ ಆ ಮುಂಜಾನೆ ಅವಳು ಮುಖ ತೊಳೆಯಲು ಹೋದ ಹೊತ್ತಿಗೆ ಯಾರೋ ಬಂದಿದ್ದಾರೆ, ಅವರಿಗೂ ಆ ಕಿಟಕಿ ಬೇಕಿತ್ತು, ಹಾಕಿದ್ದಾರೆ, ಹೆದರಿ ಹಾಗೇ ಬಿಟ್ಟಿದ್ದಾರೆ. ಸರಳ. ಆಮೇಲೆ ಮಿಲ್ಲಿನ ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದ್ದೇನೆ. ಎಲ್ಲರೂ ಅಲ್ಲ ಎಂದಿದ್ದಾರೆ. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂಬುದು ನನ್ನ ವಾದ. ಅದು ಒಳ್ಳೆಯ ವಾದ, ನಾನು ಅದಕ್ಕೇ ಅಂಟಿಕೊಂಡಿದ್ದೇನೆ.

ಆ ಕೊನೆಯ ದಿನ ಸಂಜೆ ಐದರ ಬಸ್ಸು ಹಿಡಿದೆ. ಬಸವಕಲ್ಯಾಣದಿಂದಲೇ ಹೊರಡುವ ಬಸ್ಸು, ಕಿಟಕಿಯ ಪಕ್ಕ ಸುಲಭವಾಗಿ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಊರು ದಾಟುವ ಮೊದಲು ಒಂದು ಸ್ಟಾಪಿನಲ್ಲಿ ಬಹಳ ಜನ ಹತ್ತಿದರು. ಬಸ್ಸು ಹೊರಟಿತು, ವೇಗ ಹಿಡಿಯಿತು. ಬುಟ್ಟಿ ಹಿಡಿದ ಒಬ್ಬ ಹೆಂಗಸು ಜನರ ನಡುವೆ ನುಸುಳಿ ನನ್ನ ಹತ್ತಿರ ಬಂದು ನಿಂತಳು. ಪಕ್ಕದ ಸೀಟನ್ನು ನೋಡಿದಳು. ನಾನೂ ನೋಡಿದೆ. ನನ್ನ ಚೀಲದ ಬಾಯಿ ತೆರೆದು ದಸ್ತಿ ಜಾರಿ ಸೀಟಿನ ಮೇಲೆ ಬಿದ್ದಿತ್ತು. ಕೆಂಪು ಅಂಚು ಮೇಲಾಗಿ.

“ಇಲ್ಲಿ ಯಾರರ ಅದಾರೇನ್ರಿ?” ಎಂದು ಕೇಳಿದಳು.

ದಿನಾ ಎಲ್ಲ ಬಸ್ಸಿನಲ್ಲೂ ಎಲ್ಲರೂ ಕೇಳುವ ಪ್ರಶ್ನೆ. ಯಾರೂ ಇಲ್ಲ, ಕೂಡ್ರಿ ಎಂದು ದಸ್ತಿ ಎಳೆದುಕೊಂಡರೆ ಮುಗಿಯಿತು. ಕೈ ಚಾಚಿದೆ. ಬಟ್ಟೆಯ ನಡುಭಾಗ ತಣ್ಣಗಿತ್ತು. ಇಲ್ಲಿ ಯಾವ ಕೂಲರೂ ಇರಲಿಲ್ಲ.

“ಬರ್ತಾರ್ರಿ,” ಎಂದೆ.

ಓಡುವ ಬಸ್ಸಿನಲ್ಲಿ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಎಂದು ಆ ಹೆಂಗಸು ವಾದ ಮಾಡಲಿಲ್ಲ. ದಸ್ತಿಯನ್ನು ನೋಡಿ ತಲೆ ಆಡಿಸಿ, ಬುಟ್ಟಿಯನ್ನು ಕಾಲ ಬಳಿ ಇಟ್ಟು, ಮೇಲಿನ ಸಲಾಕೆ ಹಿಡಿದು ಹುಮನಾಬಾದದವರೆಗೂ ನಿಂತೇ ಬಂದಳು. ನಾನು ಕಿಟಕಿಯ ಕಡೆಗೆ ಸ್ವಲ್ಪ ಸರಿದು ಕೂತೆ.